ಕಾಲು ನಡೆದರೆ ಕಣ್ಣು ಉಳಿದೀತು

ಸಕ್ಕರೆ ಕಾಯಿಲೆ ಸದ್ದಿಲ್ಲದೆ ಕಣ್ಣಿನ ಪರದೆಗೆ ಕೈ ಹಾಕುತ್ತದೆ. ದಿನವೂ ನಡೆಯುವ ಕಾಲು ಅದನ್ನು ತಡೆದೀತೆ? ಚೀನಾದ ಒಂದು ತೈಲನಗರಿಯಲ್ಲಿ 1986ರಲ್ಲಿ ಆರಂಭವಾದ ಪ್ರಯೋಗ ಭರವಸೆಯ ಉತ್ತರ ಕೊಟ್ಟಿದೆ. ಆದರೆ ಶೂ ಕಟ್ಟುವ ಮೊದಲು ಕಣ್ಣಿಗೆ ಡ್ರಾಪ್ಸ್ ಬೀಳಬೇಕು!

ನವೆಂಬರ್ ತಿಂಗಳ ಬೆಳಗು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಮೇಲೆ ಮಂಜು ಇನ್ನೂ ಹರಿದಿಲ್ಲ. ಏರಿಯ ಮೇಲೆ ಆಗಲೇ ಜನವೋ ಜನ. ಮಂಕಿ ಟೋಪಿ ಹಾಕಿದ ನಿವೃತ್ತರು, ಸೀರೆಯ ಕೆಳಗೆ ಬಿಳಿ ಶೂ ಕಟ್ಟಿದ ಅಮ್ಮಂದಿರು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಹುಡುಗರು. ನೀರಿನ ನಡುವಿನ ಮರಗಳಲ್ಲಿ ಹೆಜ್ಜಾರ್ಲೆಗಳು ರೆಕ್ಕೆ ಬಿಡಿಸುತ್ತಿವೆ.

ಗೇಟಿನ ಪಕ್ಕ ಒಂದು ಮೇಜು, ಹಿಂದೊಂದು ಬ್ಯಾನರ್: ಉಚಿತ ಶುಗರ್ ತಪಾಸಣೆ. ನರ್ಸ್ ಹುಡುಗಿ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಬೆರಳು ಒರೆಸುತ್ತಾಳೆ, ಚುಚ್ಚುತ್ತಾಳೆ, ಒಂದು ಹನಿ ರಕ್ತಕ್ಕೆ ಸ್ಟ್ರಿಪ್ ಹಿಡಿಯುತ್ತಾಳೆ. ಕೆಲವೇ ಸೆಕೆಂಡಿಗೆ ಪುಟ್ಟ ಯಂತ್ರ ಕುಂಯ್‌ಗುಡುತ್ತದೆ.

“ನೂರ ಎಂಬತ್ತಾರು ಇದೆ ಸಾರ್.”

“ಖಾಲಿ ಹೊಟ್ಟೇಲೇ ಇಷ್ಟಾ? ಜಾಸ್ತಿ ಆಯ್ತಲ್ಲಮ್ಮ.”

“ಎಷ್ಟು ವರ್ಷದಿಂದ ಇದೆ ಸಾರ್ ಶುಗರ್ರು?”

“ಹನ್ನೊಂದಾಯ್ತು.”

“ಕಣ್ಣು ತೋರಿಸಿದೀರಾ?”

“ಓ, ಹೋದ ವರ್ಷವೇ ಕನ್ನಡಕ ಬದಲಾಯಿಸಿದೆ. ಪೇಪರ್ ಚೆನ್ನಾಗಿ ಓದ್ತೀನಿ.”

ಬೆರಳಿಗೆ ಹತ್ತಿ ಒತ್ತಿಕೊಂಡು ಅವರು ಇನ್ನೊಂದು ಸುತ್ತಿಗೆ ಹೊರಟರು. ಆ ಸುತ್ತು ಅವರ ಕಣ್ಣಿಗೆ ಒಳ್ಳೆಯದನ್ನೇ ಮಾಡುತ್ತಿರಬಹುದು. ಆದರೆ ಆ ಉತ್ತರ ಅವರ ಕಣ್ಣನ್ನು ಕಾಯುವುದಿಲ್ಲ. ಕನ್ನಡಕದ ಅಂಗಡಿಯಲ್ಲಿ ಅಕ್ಷರದ ಬೋರ್ಡು ಓದಿಸಿ ನಂಬರ್ ಕೊಡುವುದೇ ಬೇರೆ, ಪಾಪೆ ಅರಳಿಸಿ ಕಣ್ಣಿನ ಹಿಂದಿನ ಪರದೆಯನ್ನು ನೋಡುವುದೇ ಬೇರೆ. ಸಕ್ಕರೆ ಕಾಯಿಲೆ ಕೆಡಿಸುವುದು ಆ ಪರದೆಯನ್ನು, ಅಂದರೆ ರೆಟಿನಾವನ್ನು. ಎಷ್ಟೋ ಸಲ ಕೊನೆಯ ಹಂತದವರೆಗೂ ಅದು ನೋವು ಕೊಡುವುದಿಲ್ಲ, ಕೆಂಪಾಗುವುದಿಲ್ಲ, ಪೇಪರ್ ಓದಲು ಅಡ್ಡಿಯನ್ನೂ ಮಾಡುವುದಿಲ್ಲ.

ನವೆಂಬರ್ 14 ನಮ್ಮಲ್ಲಿ ಮಕ್ಕಳ ದಿನಾಚರಣೆ. ಅದೇ ದಿನ ಜಗತ್ತಿನೆಲ್ಲೆಡೆ ಮಧುಮೇಹ ದಿನವೂ ಹೌದು. 1921ರಲ್ಲಿ ಇನ್ಸುಲಿನ್ ಶೋಧಕ್ಕೆ ಕಾರಣರಾದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದು 1891ರ ನವೆಂಬರ್ 14ರಂದು. ಆ ವಾರವಿಡೀ ಪಾರ್ಕುಗಳಲ್ಲಿ, ಕೆರೆ ಏರಿಗಳಲ್ಲಿ ಬೆರಳು ಚುಚ್ಚುವ ಶಿಬಿರಗಳಿರುತ್ತವೆ. ಕಣ್ಣಿನ ಪರದೆ ನೋಡುವ ಶಿಬಿರಗಳು ಬಹಳ ಕಡಿಮೆ.

ಲೆಕ್ಕ ಚಿಕ್ಕದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾದಾಗ ಸಿಕ್ಕ ಅಂದಾಜಿನ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. ‘ಬಾರ್ಡರ್‌ನಲ್ಲಿದೆ’ ಎಂದು ಡಾಕ್ಟರ್ ಹೇಳಿ ಕಳಿಸುವವರು ಇನ್ನೂ 13.6 ಕೋಟಿ. 40 ದಾಟಿದ ಮಧುಮೇಹಿಗಳ ಕಣ್ಣನ್ನು ಪರೀಕ್ಷಿಸಿದ ಇನ್ನೊಂದು ದೊಡ್ಡ ಅಧ್ಯಯನ 2022ರಲ್ಲಿ ಬಂತು. ಅದರಲ್ಲಿ ಎಂಟು ಜನಕ್ಕೆ ಒಬ್ಬರಂತೆ ಪರದೆಯ ತೊಂದರೆ ಶುರುವಾಗಿತ್ತು. ಇಪ್ಪತ್ತೈದು ಜನಕ್ಕೆ ಒಬ್ಬರ ದೃಷ್ಟಿಯೇ ಅಪಾಯದ ಅಂಚಿನಲ್ಲಿತ್ತು. ಹತ್ತು ಕೋಟಿ ಮಧುಮೇಹಿಗಳ ನಾಡಿನಲ್ಲಿ ಇದೆಷ್ಟು ಕುಟುಂಬಗಳ ಮಾತು ಎಂದು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ.

▌ಬಾಕ್ಸ್: ಪರದೆಯೊಳಗೆ ನಡೆಯುವುದೇನು?

*ದೇಹದಲ್ಲಿ ತೂಕಕ್ಕೆ ಹೋಲಿಸಿದರೆ ಅತಿ ಹೆಚ್ಚು ಆಮ್ಲಜನಕ ಬೇಡುವ ಅಂಗಾಂಶಗಳಲ್ಲಿ ರೆಟಿನಾ ಒಂದು. ಅದಕ್ಕೆ ರಕ್ತ ಒಯ್ಯುವ ನಾಳಗಳು ಕೂದಲಿಗಿಂತಲೂ ಸಣ್ಣವು. ವರ್ಷಗಟ್ಟಲೆ ಏರಿದ ಸಕ್ಕರೆ ಆ ನಾಳಗಳ ಗೋಡೆಗೆ ಆಸರೆಯಾದ ಜೀವಕೋಶಗಳನ್ನು ಕೊಲ್ಲುತ್ತದೆ. ಬಿಸಿಲಿಗೆ ಬಾಡಿದ ಹನಿ ನೀರಾವರಿ ಪೈಪಿನಂತೆ ಗೋಡೆ ಅಲ್ಲಲ್ಲಿ ಉಬ್ಬುತ್ತದೆ, ಜಿನುಗುತ್ತದೆ. ರಕ್ತದ ಚುಕ್ಕೆ, ಕೊಬ್ಬಿನ ಹಳದಿ ಕಲೆ ಕಾಣಿಸಿಕೊಳ್ಳುತ್ತವೆ. ಓದಲು, ಮುಖ ಗುರುತಿಸಲು ಬೇಕಾದ ನಡುಭಾಗಕ್ಕೆ ನೀರು ತುಂಬಿದರೆ ದೃಷ್ಟಿ ಮಸುಕು. ನಾಳಗಳು ಮುಚ್ಚಿ ಉಸಿರುಗಟ್ಟಿದ ಪರದೆ ಹೊಸ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಅವು ಬಲಹೀನ. ಒಡೆದರೆ ಕಣ್ಣೊಳಗೆ ರಕ್ತ, ಎಳೆದರೆ ಪರದೆಯೇ ಕಿತ್ತು ಬರುತ್ತದೆ.*

## ತೈಲನಗರಿಯ ಪಾಠ

ಈಶಾನ್ಯ ಚೀನಾದ ಹೈಲಾಂಗ್‌ಜಿಯಾಂಗ್ ಪ್ರಾಂತ್ಯದಲ್ಲಿ ದಾಚಿಂಗ್ ಎಂಬ ಊರಿದೆ. 1959ರಲ್ಲಿ ಅಲ್ಲಿ ನೆಲದಡಿ ಎಣ್ಣೆ ಸಿಕ್ಕಿತು. ಹುಲ್ಲುಗಾವಲಿನ ಮೇಲೆ ಬಾವಿ ಕೊರೆಯುವ ಗೋಪುರಗಳೆದ್ದವು, ಕಾರ್ಮಿಕರ ವಸತಿಗಳೆದ್ದವು, ವಸತಿಗೊಂದೊಂದರಂತೆ ಆರೋಗ್ಯ ಕೇಂದ್ರಗಳು ಬಂದವು. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವ ಜಾಗ ಅದು. ನಡಿಗೆಯ ಪ್ರಯೋಗಕ್ಕೆ ಯಾರೂ ಆರಿಸಿಕೊಳ್ಳುವ ಊರಲ್ಲ.

1986ರಲ್ಲಿ ಬೀಜಿಂಗಿನ ವೈದ್ಯರ ತಂಡ ಅಲ್ಲಿನ 33 ಆರೋಗ್ಯ ಕೇಂದ್ರಗಳಲ್ಲಿ 1,10,660 ಜನರನ್ನು ಪರೀಕ್ಷೆಗೆ ಒಳಪಡಿಸಿತು. ಅವರಲ್ಲಿ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲದ, ಆದರೆ ಸಕ್ಕರೆ ಸಹಜಕ್ಕಿಂತ ಏರಿದ್ದ 577 ಜನ ಪ್ರಯೋಗಕ್ಕೆ ಸೇರಿದರು. ನಮ್ಮ ಭಾಷೆಯಲ್ಲಿ, ಬಾರ್ಡರ್‌ನವರು.

ಕೇಂದ್ರಗಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪು ಮಾಡಲಾಯಿತು. ಒಂದಕ್ಕೆ ಊಟದ ಕಟ್ಟುಪಾಡು, ಒಂದಕ್ಕೆ ವ್ಯಾಯಾಮ, ಒಂದಕ್ಕೆ ಎರಡೂ. ನಾಲ್ಕನೆಯದಕ್ಕೆ ಮಾಮೂಲಿ ಸಲಹೆ ಮಾತ್ರ. ಆರು ವರ್ಷ ಹೀಗೆ ನಡೆಯಿತು. ಮಾಮೂಲಿ ಗುಂಪಿನಲ್ಲಿ ನೂರಕ್ಕೆ 68 ಜನ ಮಧುಮೇಹಿಗಳಾದರೆ, ವ್ಯಾಯಾಮದ ಗುಂಪಿನಲ್ಲಿ 41 ಜನ. ಇದೇ ದೊಡ್ಡ ಸುದ್ದಿಯಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸುದ್ದಿಯಲ್ಲ, ಅದರ ನಂತರದ್ದು. 1992ಕ್ಕೆ ಪ್ರಯೋಗ ಮುಗಿಯಿತು. ಯಾರೂ ಇನ್ನು ಅವರನ್ನು ‘ನಡೆಯಿರಿ’ ಎಂದು ಒತ್ತಾಯಿಸಲಿಲ್ಲ. ಆದರೂ ವೈದ್ಯರು ಅವರನ್ನು ಮರೆಯಲಿಲ್ಲ. ಶುರುವಾಗಿ 20 ವರ್ಷ ಕಳೆದ ಮೇಲೆ ಮನೆ ಮನೆ ಹುಡುಕಿ, ಆಸ್ಪತ್ರೆಯ ದಾಖಲೆ ತೆಗೆಸಿ, ಕಣ್ಣು ಪರೀಕ್ಷಿಸಿದರು. ಲೇಸರ್ ಮಾಡಿಸಿಕೊಂಡವರು, ಪರದೆಯ ಮೇಲೆ ಹೊಸ ನಾಳ ಬೆಳೆದವರು, ಕುರುಡಾದವರು, ಇವರೆಲ್ಲ ಎಷ್ಟು ಜನ ಎಂದು ಎಣಿಸಿದರು.

ಮಾಮೂಲಿ ಗುಂಪಿನಲ್ಲಿ ನೂರಕ್ಕೆ 16 ಜನರ ಕಣ್ಣು ಆ ಮಟ್ಟಕ್ಕೆ ಕೆಟ್ಟಿತ್ತು. ಜೀವನಕ್ರಮ ಬದಲಿಸಿಕೊಂಡ ಮೂರು ಗುಂಪುಗಳನ್ನು ಒಟ್ಟು ಹಿಡಿದರೆ 9 ಜನರದ್ದು. ವಯಸ್ಸು ಮೊದಲಾದ ಹೊಂದಾಣಿಕೆಗಳ ಬಳಿಕ ಅಪಾಯ ಶೇ 47ರಷ್ಟು ಕಡಿಮೆ. ಆರು ವರ್ಷದ ಶಿಸ್ತು, ಅದು ನಿಂತು ಹದಿನಾಲ್ಕು ವರ್ಷದ ನಂತರವೂ ಕಣ್ಣನ್ನು ಕಾಯುತ್ತಿತ್ತು!

30 ವರ್ಷದ ಲೆಕ್ಕ 2019ರಲ್ಲಿ ಬಂತು. ಆ ಮೂರು ಗುಂಪಿನವರಿಗೆ ಸಕ್ಕರೆ ಕಾಯಿಲೆ ಬಂದದ್ದೇ ಸರಾಸರಿ ನಾಲ್ಕು ವರ್ಷ ತಡವಾಗಿ. ಕಣ್ಣು, ಮೂತ್ರಪಿಂಡ, ನರಗಳ ಸಣ್ಣ ನಾಳಗಳಿಗೆ ತಗಲುವ ಪೆಟ್ಟು ಶೇ 35ರಷ್ಟು ಕಡಿಮೆ. ಆಯುಷ್ಯವೂ ಸುಮಾರು ಒಂದೂವರೆ ವರ್ಷ ಹೆಚ್ಚು.

ಇಲ್ಲಿ ಎರಡು ಮಾತನ್ನು ಮುಚ್ಚಿಡಬಾರದು. ಕಣ್ಣಿನ ಲಾಭವನ್ನು ಲೆಕ್ಕ ಹಾಕಿದ್ದು ಊಟ ಮತ್ತು ವ್ಯಾಯಾಮದ ಗುಂಪುಗಳನ್ನು ಕೂಡಿಸಿ. ಬರೀ ನಡಿಗೆಯ ಪಾಲು ಎಷ್ಟೆಂದು ಬಿಡಿಸಿ ಹೇಳಲಾಗದು. ಮತ್ತೆ, ಅವರೆಲ್ಲ ಕಾಯಿಲೆ ಬರುವ ಮೊದಲೇ ಶುರುಮಾಡಿದವರು. ಹನ್ನೊಂದು ವರ್ಷದಿಂದ ಶುಗರ್ ಇರುವವರಿಗೆ ಅಷ್ಟೇ ಲಾಭ ಸಿಕ್ಕೀತು ಎಂದು ಅದನ್ನೇ ತೋರಿಸಿ ಹೇಳುವುದು ನ್ಯಾಯವಲ್ಲ. ಅವರ ಪ್ರಶ್ನೆಗೆ ಬೇರೆ ಕಡೆಯಿಂದ ಉತ್ತರ ಹುಡುಕಬೇಕು.

▌ಬಾಕ್ಸ್: ದಾಚಿಂಗ್‌ನ ‘ಒಂದು ಯೂನಿಟ್’

*ವ್ಯಾಯಾಮದ ಗುಂಪಿನವರಿಗೆ ಜಿಮ್ ಇರಲಿಲ್ಲ. ಈಗ ಮಾಡುತ್ತಿರುವುದಕ್ಕಿಂತ ದಿನಕ್ಕೆ ಒಂದು ಯೂನಿಟ್ ಹೆಚ್ಚಿಸಿ ಎಂದಷ್ಟೇ ಹೇಳಲಾಗಿತ್ತು. 50ಕ್ಕಿಂತ ಚಿಕ್ಕವರು, ಹೃದಯದ ತೊಂದರೆ ಇಲ್ಲದವರು ಸಾಧ್ಯವಾದರೆ ಎರಡು. ಅರ್ಧ ಗಂಟೆ ನಿಧಾನ ನಡಿಗೆ ಒಂದು ಯೂನಿಟ್. ಬಿರುಸಾಗಿ ನಡೆದರೆ 20 ನಿಮಿಷ ಸಾಕು. ಬೆವರಿಳಿಯುವಷ್ಟು ಶ್ರಮದ ಆಟವಾದರೆ 10 ನಿಮಿಷ, ಹಗ್ಗದಾಟದಂಥ ಬಿರುಸಿನದಾದರೆ ಐದೇ ನಿಮಿಷ.*

## ಹೆಜ್ಜೆಗೂ ಕಣ್ಣಿಗೂ ಎಲ್ಲಿಯ ನಂಟು?

ನಡೆಯುವಾಗ ತೊಡೆ, ಮೀನಖಂಡಗಳ ಸ್ನಾಯು ಬಿಗಿದು ಸಡಿಲವಾಗುತ್ತಿರುತ್ತದೆ. ಆಗ ಗ್ಲೂಟ್-4 ಎಂಬ ಪ್ರೋಟೀನು ಸ್ನಾಯುಕೋಶದ ಒಳಗಿನಿಂದ ಹೊರಮೈಗೆ ಬಂದು ರಕ್ತದ ಸಕ್ಕರೆಯನ್ನು ಒಳಕ್ಕೆಳೆದುಕೊಳ್ಳುತ್ತದೆ. ವಿಶೇಷವೆಂದರೆ ಇದಕ್ಕೆ ಇನ್ಸುಲಿನ್ ಅಪ್ಪಣೆ ಬೇಕಿಲ್ಲ. ಎರಡನೇ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ಮಾತನ್ನು ಸ್ನಾಯು ಕೇಳದಂತಾಗಿರುತ್ತದೆ, ಆದರೆ ಈ ಇನ್ನೊಂದು ದಾರಿ ಮುಚ್ಚಿರುವುದಿಲ್ಲ. ನಡೆದು ಮುಗಿದ ಮೇಲೂ ಒಂದೆರಡು ದಿನ ಸ್ನಾಯು ಇನ್ಸುಲಿನ್‌ಗೆ ಹೆಚ್ಚು ಕಿವಿಗೊಡುತ್ತದೆ. ಅದಕ್ಕೇ ವೈದ್ಯರು ‘ಒಟ್ಟಿಗೆ ಎರಡು ದಿನಕ್ಕಿಂತ ಹೆಚ್ಚು ತಪ್ಪಿಸಬೇಡಿ’ ಎನ್ನುವುದು. ಭಾನುವಾರ ಒಮ್ಮೆಲೇ ಹತ್ತು ಕಿಲೋಮೀಟರ್ ನಡೆದು ವಾರವಿಡೀ ಕೂತರೆ ಈ ಲಾಭ ದಕ್ಕುವುದಿಲ್ಲ.

ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2011ರ ವಿಶ್ಲೇಷಣೆಯೊಂದರ ಪ್ರಕಾರ, ಯಾರಾದರೂ ಮೇಲುಸ್ತುವಾರಿ ಮಾಡಿ ಕ್ರಮವಾಗಿ ವ್ಯಾಯಾಮ ಮಾಡಿಸಿದರೆ ಮಧುಮೇಹಿಗಳ ಮೂರು ತಿಂಗಳ ಸರಾಸರಿ ಶುಗರ್, ಅಂದರೆ ಎಚ್‌ಬಿಎ1ಸಿ, 0.67ರಷ್ಟು ಇಳಿಯುತ್ತದೆ. ವಾರಕ್ಕೆ 150 ನಿಮಿಷ ದಾಟಿದವರಲ್ಲಿ ಇಳಿತ 0.89. ಒಂದು ಮಾತ್ರೆ ಇಳಿಸುವಷ್ಟೇ ಇದು ಎಂದರೂ ತಪ್ಪಿಲ್ಲ.

ಆ ಇಳಿತ ಕಣ್ಣಿಗೆ ಏನು ಮಾಡುತ್ತದೆ? 1977ರಿಂದ ಎರಡು ದಶಕ ನಡೆದ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಲ್ಲಿ, ಸರಾಸರಿ ಶುಗರ್ ಒಂದು ಅಂಶ ಕಡಿಮೆ ಇದ್ದಲ್ಲಿ ಕಣ್ಣು-ಮೂತ್ರಪಿಂಡಗಳ ಸಣ್ಣ ನಾಳದ ತೊಂದರೆ ಶೇ 37ರಷ್ಟು ಕಡಿಮೆ ಕಂಡಿತ್ತು. ಅದೇ ಅಧ್ಯಯನ ಬಿಪಿಯ ಮಾತನ್ನೂ ಹೇಳಿತು. ಬಿಪಿಯನ್ನು ಬಿಗಿಯಾಗಿ ಹಿಡಿದವರಲ್ಲಿ ರೆಟಿನಾ ರೋಗ ಮುಂದುವರಿಯುವುದು ಶೇ 34ರಷ್ಟು, ದೃಷ್ಟಿ ಗಣನೀಯವಾಗಿ ಕುಗ್ಗುವುದು ಶೇ 47ರಷ್ಟು ಕಡಿಮೆಯಾಯಿತು. ನಡಿಗೆ ಶುಗರನ್ನೂ ಇಳಿಸುತ್ತದೆ, ಬಿಪಿಯನ್ನೂ ಇಳಿಸುತ್ತದೆ. ಹನ್ನೊಂದು ವರ್ಷದ ಹಳೆಯ ಮಧುಮೇಹಿಗೆ ನಾನು ಕೊಡುವ ಉತ್ತರ ಇದು. ನಡಿಗೆ ನೇರವಾಗಿ ಕಣ್ಣನ್ನು ಉಳಿಸಿತು ಎಂದು ಎದೆ ತಟ್ಟಿ ಹೇಳುವ ಪ್ರಯೋಗಕ್ಕೆ ಕಾಯಬೇಕಿಲ್ಲ. ಕಣ್ಣನ್ನು ಕೆಡಿಸುವ ಎರಡು ದೊಡ್ಡ ಶತ್ರುಗಳನ್ನು ಅದು ಮಣಿಸುತ್ತದೆ ಎಂಬುದು ಗೊತ್ತಿರುವ ಸಂಗತಿ.

ಇದಲ್ಲದೆ ಮೂರನೆಯ ದಾರಿಯೊಂದು ಇರಬಹುದು ಎನ್ನುತ್ತವೆ ಪ್ರಯೋಗಾಲಯದ ಇಲಿಗಳು. ಅಮೆರಿಕದ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಮಷೆಲ್ ಪಾರ್ಡ್ಯೂ ಅವರ ತಂಡ 2014ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಇಲಿಗಳನ್ನು ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನ ಪುಟ್ಟ ಟ್ರೆಡ್‌ಮಿಲ್ ಮೇಲೆ ಓಡಿಸಿ, ನಡುವೆ ಕಣ್ಣು ಕುಕ್ಕುವ ಬೆಳಕಿಗೆ ಒಡ್ಡಿದರು. ಓಡಿದ ಇಲಿಗಳ ರೆಟಿನಾದಲ್ಲಿ ಉಳಿದ ಬೆಳಕುಗ್ರಾಹಿ ಕೋಶಗಳು, ಕೂತ ಇಲಿಗಳಲ್ಲಿ ಉಳಿದದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಅವುಗಳ ಕಣ್ಣಿನಲ್ಲಿ ಬಿಡಿಎನ್‌ಎಫ್ ಎಂಬ ನರಪೋಷಕ ಪ್ರೋಟೀನು ಏರಿತ್ತು. ಆ ಪ್ರೋಟೀನಿನ ಕೆಲಸಕ್ಕೆ ಔಷಧಿಯಿಂದ ತಡೆ ಒಡ್ಡಿದಾಗ ಓಟದ ಲಾಭವೂ ಮಾಯ. ಆಮೇಲೆ ಮಧುಮೇಹ ತಂದ ಇಲಿಗಳಲ್ಲೂ ಅವರು ಇಂಥದ್ದೇ ರಕ್ಷಣೆ ಕಂಡರು.

ಇಲಿ ಮನುಷ್ಯನಲ್ಲ, ನಿಜ. ಆದರೆ ಕಾಲಿನ ಶ್ರಮ ಕಣ್ಣಿನ ನರಕ್ಕೆ ರಾಸಾಯನಿಕ ಸಂದೇಶವಾಗಿ ತಲುಪಬಹುದು ಎಂಬ ಸಂಗತಿಯೇ ಬೆರಗು ಹುಟ್ಟಿಸುವಂಥದ್ದು.

## ಕೂರುವುದೂ ಒಂದು ಚಟ

ಮನುಷ್ಯರ ಅಧ್ಯಯನಗಳಲ್ಲಿ ಇನ್ನೊಂದು ಸುಳಿವು ಮತ್ತೆ ಮತ್ತೆ ಸಿಗುತ್ತದೆ. 2016ರಲ್ಲಿ ಅಮೆರಿಕದ ಮಧುಮೇಹಿಗಳ ಸೊಂಟಕ್ಕೆ ಚಲನೆ ಅಳೆಯುವ ಯಂತ್ರ ಕಟ್ಟಿ ಪಡೆದ ಮಾಹಿತಿಯ ವಿಶ್ಲೇಷಣೆ ಪ್ರಕಟವಾಯಿತು. ದಿನಕ್ಕೆ ಒಂದು ಗಂಟೆ ಹೆಚ್ಚು ಕೂತರೆ ರೆಟಿನಾ ರೋಗವಿರುವ ಸಾಧ್ಯತೆ ಶೇ 16ರಷ್ಟು ಹೆಚ್ಚು. 2019ರಲ್ಲಿ ಬಂದ, ಹಲವು ಅಧ್ಯಯನಗಳ ಒಟ್ಟು ನೋಟವೂ ಇದೇ ದಿಕ್ಕಿನಲ್ಲಿತ್ತು. ಮಧ್ಯಮ ಬಿರುಸಿನ ಚಟುವಟಿಕೆಯವರಿಗೆ ಅಪಾಯ ಕಡಿಮೆ, ಕೂತೇ ಇರುವವರಿಗೆ ಹೆಚ್ಚು.

ಇಂಥ ಅಧ್ಯಯನಗಳಿಗೆ ಒಂದು ಮಿತಿಯಿದೆ. ಕಣ್ಣು ಮಂಜಾದವರು ಹೊರಗೆ ಓಡಾಡಲು ಅಂಜಿ ಮನೆಯಲ್ಲೇ ಕೂರುತ್ತಾರೆ. ಹಾಗಾಗಿ ಕೂತದ್ದರಿಂದ ಕಣ್ಣು ಕೆಟ್ಟಿತೋ, ಕಣ್ಣು ಕೆಟ್ಟದ್ದರಿಂದ ಕೂತರೋ ಎಂದು ಒಂದೇ ನೋಟಕ್ಕೆ ಹೇಳಲಾಗದು.

ನಮ್ಮ ದೇಶದ ಕಥೆ ಇನ್ನೂ ಕಳವಳದ್ದು. ಮೂರು ರಾಜ್ಯಗಳು ಮತ್ತು ಚಂಡೀಗಢದಲ್ಲಿ 14 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ ಮಾಡಿದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ದೈಹಿಕವಾಗಿ ನಿಷ್ಕ್ರಿಯರು. ಆಟ, ನಡಿಗೆ ಎಂದು ಬಿಡುವಿನಲ್ಲಿ ಮೈ ದಣಿಸುವವರು ಹತ್ತಕ್ಕೆ ಒಬ್ಬರೂ ಇರಲಿಲ್ಲ.

ಯಾಕೆ ಎಂದು ಕೇಳಿದರೆ ಹೆಂಗಸರ ಉತ್ತರ ಬೇರೆಯೇ ಇರುತ್ತದೆ. “ಬೆಳಿಗ್ಗೆ ಐದಕ್ಕೆ ಎದ್ದು ಕಸ, ನೀರು, ತಿಂಡಿ, ಡಬ್ಬಿ. ಇದಕ್ಕಿಂತ ವ್ಯಾಯಾಮ ಬೇಕೇನಪ್ಪ?” ಈ ಮಾತಿನಲ್ಲಿ ಬರೀ ನೆಪ ಕಾಣುವವರು ಆ ದಿನಚರಿಯನ್ನು ಒಂದು ದಿನ ನಿಭಾಯಿಸಿ ನೋಡಲಿ. ಮನೆಗೆಲಸ ದಣಿಸುತ್ತದೆ. ನೆಲ ಗುಡಿಸುವುದು, ಒಲೆ ಮುಂದೆ ನಿಲ್ಲುವುದು, ಬಾಗುವುದು ಎಲ್ಲವೂ ಕೂರುವುದಕ್ಕಿಂತ ಎಷ್ಟೋ ಮೇಲು. ಆದರೆ ಒಂದೇ ಸಮ ಉಸಿರು ಏರುವಂತೆ ಹತ್ತಾರು ನಿಮಿಷ ಮೈ ಚಲಿಸುವ ಅವಕಾಶ ಅದರಲ್ಲಿ ಕಡಿಮೆ. ಆಕೆಗೆ ಬೇಕಿರುವುದು ಉಪದೇಶವಲ್ಲ, ಅರ್ಧ ಗಂಟೆಯ ಬಿಡುವು. ಡಬ್ಬಿ ಕಟ್ಟುವ ಕೆಲಸವನ್ನು ಮನೆಯ ಇನ್ನೊಬ್ಬರು ಹೊತ್ತುಕೊಂಡರೆ ಅದೂ ಕಣ್ಣಿನ ಚಿಕಿತ್ಸೆಯೇ. ಬೀದಿದೀಪ ಉರಿಯುವ, ಬೀದಿನಾಯಿಗಳ ಕಾಟವಿಲ್ಲದ ರಸ್ತೆಯನ್ನು ಪಂಚಾಯಿತಿ, ನಗರಸಭೆ ಒದಗಿಸಿದರೆ ಅದೂ ಅಷ್ಟೇ.

ರಾತ್ರಿ ಊಟದ ಮಾತೂ ಇಲ್ಲೇ ಬರಬೇಕು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 41 ಮಧುಮೇಹಿಗಳನ್ನು ಎರಡು ಬಗೆಯಲ್ಲಿ ನಡೆಸಿ ನೋಡಿದರು. ದಿನದಲ್ಲಿ ಯಾವಾಗಲಾದರೂ ಒಮ್ಮೆ 30 ನಿಮಿಷ ಒಂದು ಬಗೆ. ಮೂರೂ ಊಟದ ನಂತರ ಹತ್ತತ್ತು ನಿಮಿಷ ಇನ್ನೊಂದು ಬಗೆ. ಒಟ್ಟು ನಡಿಗೆ ಒಂದೇ. ಆದರೆ ಊಟದ ನಂತರ ನಡೆದಾಗ ಉಂಡ ಮೇಲಿನ ಶುಗರ್ ಶೇ 12ರಷ್ಟು ಕಡಿಮೆ ಇತ್ತು. ರಾತ್ರಿ ಊಟದ ಬಳಿಕವಂತೂ ಶೇ 22ರಷ್ಟು.

ನಮ್ಮ ಮನೆಗಳಲ್ಲಿ ದಿನದ ದೊಡ್ಡ ಊಟ ರಾತ್ರಿಯದ್ದೇ. ಒಂಬತ್ತೂವರೆಗೆ ಅನ್ನವೋ ಮುದ್ದೆಯೋ, ಮೇಲೆ ಸಾರು, ಹತ್ತಕ್ಕೆ ಧಾರಾವಾಹಿ, ಅಲ್ಲಿಂದ ಹಾಸಿಗೆ. ಇದರ ನಡುವೆ ತಾರಸಿಯ ಮೇಲೆ ಹತ್ತು ನಿಮಿಷ ಓಡಾಡಲು ಶೂ ಬೇಡ, ಪಾರ್ಕು ಬೇಡ, ಮಳೆಗಾಲದಲ್ಲಿ ಹಜಾರವೇ ಸಾಕು. ಬೆಳಗಿನ ವಾಕಿಂಗ್‌ಗೆ ಹೋಗಲಾಗದವರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳಬಯಸುವುದು ಇದನ್ನೇ.

ನಡಿಗೆ ಈ ಕಾಯಿಲೆಗೆ ಮದ್ದೆಂಬುದು ಹೊಸ ತಿಳಿವಳಿಕೆಯೂ ಅಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹಿಗೆ ಹೇಳಿದ ಉಪಾಯಗಳಲ್ಲಿ ನೂರು ಯೋಜನ ನಡೆಯುವುದಿದೆ, ಹಸುಗಳ ಹಿಂದೆ ಅಲೆಯುವುದಿದೆ, ಬಾವಿ ತೋಡುವುದಿದೆ. ಅಲ್ಲಿ ಪಾದರಕ್ಷೆಯಿಲ್ಲದೆ ನಡೆಯಬೇಕೆಂದಿದೆ. ಅದೊಂದನ್ನು ಮಾತ್ರ ಇಂದಿನ ವೈದ್ಯರು ಒಪ್ಪುವುದಿಲ್ಲ. ಹಳೆಯ ಮಧುಮೇಹಿಯ ಪಾದಕ್ಕೆ ಸ್ಪರ್ಶ ಕಡಿಮೆಯಾಗಿರುತ್ತದೆ, ಮುಳ್ಳು ಚುಚ್ಚಿದ್ದೇ ಗೊತ್ತಾಗುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ದೇವಸ್ಥಾನದ ಪ್ರದಕ್ಷಿಣೆ ಹಾಕಿ, ಸಂಜೆ ಪಾದದ ಬೊಬ್ಬೆ ನೋಡಿ ಗಾಬರಿಯಾಗುವವರಿದ್ದಾರೆ. ಪ್ರದಕ್ಷಿಣೆ ಬೆಳಗಿನ ತಂಪಿನಲ್ಲಿ ಇರಲಿ.

## ಮೊದಲು ಕಣ್ಣು, ಆಮೇಲೆ ಡಂಬಲ್

ವ್ಯಾಯಾಮ ಕಣ್ಣಿಗೆ ಒಳ್ಳೆಯದು ಎಂಬ ಮಾತಿಗೆ ಒಂದು ಮುಖ್ಯ ಷರತ್ತಿದೆ. ಪರದೆಯ ಮೇಲೆ ದುರ್ಬಲ ಹೊಸ ನಾಳಗಳು ಬೆಳೆದಿದ್ದರೆ, ಅಥವಾ ಆ ಹಂತದ ಹೊಸ್ತಿಲಿಗೆ ಕಣ್ಣು ಬಂದಿದ್ದರೆ, ಕೆಲವು ವ್ಯಾಯಾಮ ಅಪಾಯ ತರಬಹುದು. ಉಸಿರು ಬಿಗಿಹಿಡಿದು ಭಾರ ಎತ್ತಿದಾಗ ರಕ್ತದೊತ್ತಡ ಒಮ್ಮೆಲೇ ಜಿಗಿಯುತ್ತದೆ. ಧಡಧಡ ಜಿಗಿತದಲ್ಲಿ ಕಣ್ಣು ಅಲುಗುತ್ತದೆ. ತೆಳು ನಾಳ ಒಡೆದು ಕಣ್ಣೊಳಗೆ ರಕ್ತ ತುಂಬಬಹುದು, ಪರದೆ ಕಿತ್ತು ಬರಬಹುದು.

ಅಂಥವರೂ ವೈದ್ಯರನ್ನು ಕೇಳಿ ನಡೆಯಬಹುದು. ನಿಲ್ಲಿಸಿದ ಸೈಕಲ್ ಹಗುರವಾಗಿ ತುಳಿಯಬಹುದು. ಬೇಡವಾದದ್ದು ಭಾರದ ಡಂಬಲ್, ಸ್ಕಿಪ್ಪಿಂಗ್, ಬಾಕ್ಸಿಂಗ್ ಮತ್ತು ತಲೆ ಕೆಳಗಾಗುವ ಆಸನಗಳು. ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ ಎತ್ತುವುದನ್ನೂ ಇದೇ ಸಾಲಿಗೆ ಸೇರಿಸಿ.

ಕಣ್ಣು ಯಾವ ಹಂತದಲ್ಲಿದೆ ಎಂದು ತಿಳಿಯುವುದು ಹೇಗೆ? ತಿಳಿಯುವ ದಾರಿ ಪಾಪೆ ಅರಳಿಸುವ ಡ್ರಾಪ್ಸ್, ಇಲ್ಲವೇ ಪರದೆಯ ಫೋಟೊ ತೆಗೆಯುವ ಕ್ಯಾಮೆರಾ. ಡ್ರಾಪ್ಸ್ ಹಾಕಿ ಅರ್ಧ ಗಂಟೆ ಕಣ್ಣು ಮುಚ್ಚಿ ಕೂರಬೇಕು. ಆಮೇಲೆ ಕತ್ತಲ ಕೋಣೆಯಲ್ಲಿ ವೈದ್ಯರು ಬೆಳಕು ಬಿಟ್ಟು ‘ಮೇಲೆ ನೋಡಿ, ಕೆಳಗೆ ನೋಡಿ, ಮೂಗಿನ ಕಡೆ ನೋಡಿ’ ಎನ್ನುತ್ತಾರೆ. ನೋವಿಲ್ಲ. ಕೆಲವು ಗಂಟೆ ಹತ್ತಿರದ ಅಕ್ಷರ ಮಸುಕಾಗಿ, ಬಿಸಿಲು ಕುಕ್ಕುತ್ತದೆ. ಆದ್ದರಿಂದ ಬೈಕಿನಲ್ಲಿ ಒಬ್ಬರೇ ಹೋಗದೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.

ದೇಹವನ್ನು ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಅಪರೂಪದ ಜಾಗ ಕಣ್ಣಿನ ಪರದೆ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣೊಳಗೆ ನೋಡುವ ಉಪಕರಣ ಕಂಡುಹಿಡಿದ ನಾಲ್ಕೇ ವರ್ಷಕ್ಕೆ ಮಧುಮೇಹಿಯ ಪರದೆಯ ಕಲೆಗಳನ್ನು ವೈದ್ಯರು ದಾಖಲಿಸಿದ್ದರು. ಅಂದು ನೋಡಬಹುದಿತ್ತು, ಮಾಡಲು ಏನೂ ಇರಲಿಲ್ಲ. ಇಂದು ಲೇಸರ್ ಇದೆ, ಕಣ್ಣೊಳಗಿನ ಚುಚ್ಚುಮದ್ದಿದೆ, ಶಸ್ತ್ರಚಿಕಿತ್ಸೆ ಇದೆ. ಸಮಯಕ್ಕೆ ಸರಿಯಾಗಿ ಹೋದರೆ ದೃಷ್ಟಿ ಉಳಿಸಿಕೊಳ್ಳಬಹುದು.

▌ಬಾಕ್ಸ್: ಶೀರ್ಷಾಸನ ಹಾಕುವ ಮುನ್ನ

*ಚೆನ್ನೈನ ಶಂಕರ ನೇತ್ರಾಲಯದ ವೈದ್ಯರು 75 ಯೋಗಾಭ್ಯಾಸಿಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶೀರ್ಷಾಸನದಲ್ಲಿದ್ದಾಗ ಕಣ್ಣಿನ ಒತ್ತಡ ಎರಡು ಪಟ್ಟಾಗುತ್ತದೆ. ಆರೋಗ್ಯವಂತ ಕಣ್ಣು ಅದನ್ನು ತಾಳಿಕೊಂಡೀತು. ರೆಟಿನಾ ಕೆಟ್ಟವರಿಗೆ, ಗ್ಲಾಕೋಮಾ ಇರುವವರಿಗೆ ಬೇಡ. ಸರ್ವಾಂಗಾಸನ, ಹಲಾಸನಗಳ ವಿಚಾರದಲ್ಲೂ ಕಣ್ಣಿನ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ನಿಂತು, ಕೂತು ಮಾಡುವ ಆಸನಗಳಿಗೆ, ಉಸಿರು ಬಿಗಿಹಿಡಿಯದ ಸರಳ ಪ್ರಾಣಾಯಾಮಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ.*

ಎರಡನೇ ಬಗೆಯ ಮಧುಮೇಹವಾದರೆ ಕಾಯಿಲೆ ಗೊತ್ತಾದ ಕೂಡಲೇ ಮೊದಲ ಕಣ್ಣಿನ ಪರೀಕ್ಷೆ ಆಗಬೇಕು. ಏಕೆಂದರೆ ಗೊತ್ತಾಗುವ ಮೊದಲೇ ಅದು ಹಲವು ವರ್ಷ ಒಳಗೆ ಇದ್ದಿರಬಹುದು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೊದಲನೇ ಬಗೆಯಾದರೆ ಐದು ವರ್ಷದೊಳಗೆ. ಆಮೇಲೆ ವರ್ಷಕ್ಕೊಮ್ಮೆ, ಅಥವಾ ವೈದ್ಯರು ಹೇಳಿದಷ್ಟು ಸಲ. ಮೊದಲೇ ಮಧುಮೇಹವಿದ್ದು ಬಸುರಿಯಾದವರು ಮೊದಲ ಮೂರು ತಿಂಗಳಲ್ಲೇ ತೋರಿಸಬೇಕು.

ಉತ್ಸಾಹದಿಂದ ಶುರುಮಾಡುವವರಿಗೆ ಇನ್ನೆರಡು ಎಚ್ಚರಿಕೆ. ಇನ್ಸುಲಿನ್ ಅಥವಾ ಸಕ್ಕರೆಯನ್ನು ಜೋರಾಗಿ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮುನ್ನ ಶುಗರ್ ನೋಡಿಕೊಳ್ಳಿ. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೊರಡಿ. ಜೇಬಿನಲ್ಲಿ ಗ್ಲೂಕೋಸ್ ಪುಡಿಯೋ ಬೆಲ್ಲದ ಚೂರೋ ಇರಲಿ. ಇನ್ನು, ವರ್ಷಗಟ್ಟಲೆ ಏರಿದ್ದ ಶುಗರ್ ಹಠಾತ್ತನೆ ಇಳಿದಾಗ ಕೆಲವರ ರೆಟಿನಾ ಮೊದಲು ತುಸು ಕೆಡುವುದುಂಟು. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ ನಡೆದ ಡಿಸಿಸಿಟಿ ಅಧ್ಯಯನದಲ್ಲಿ ಇದು ಕಂಡಿತ್ತು. ಆದರೆ ಅದೇ ಅಧ್ಯಯನದ ಕೊನೆಗೆ, ಶುಗರ್ ಬಿಗಿಹಿಡಿದವರಲ್ಲಿ ರೆಟಿನಾ ರೋಗ ಹೊಸದಾಗಿ ಹುಟ್ಟುವುದು ಶೇ 76ರಷ್ಟು ಕಡಿಮೆಯಾಗಿತ್ತು. ಹೆದರಿ ನಿಲ್ಲಿಸಬೇಕಿಲ್ಲ, ಕಣ್ಣಿನ ವೈದ್ಯರಿಗೆ ತಿಳಿಸಿ ಮುಂದುವರಿಯಬೇಕು.

## “ಲೇಸರ್ ಆಗಿಹೋಗಿದೆ, ಇನ್ನೇನು?”

ರೆಟಿನಾ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೇಳಿಬರುವ ಪ್ರಶ್ನೆಯಿದು. ಪ್ರಶ್ನೆಯ ಹಿಂದೆ ದಣಿವಿದೆ, ಸೋತ ಭಾವವಿದೆ. ಅದಕ್ಕೆ ಉತ್ತರ ಕೊಡದೆ ಈ ಬರಹ ಮುಗಿಸಲಾರೆ.

ಲೇಸರ್ ಹೋದ ದೃಷ್ಟಿಯನ್ನು ತರುವುದಿಲ್ಲ, ಇರುವುದನ್ನು ಉಳಿಸುತ್ತದೆ. ಪರದೆಯ ಅಂಚಿನ ಭಾಗವನ್ನು ಸುಟ್ಟು, ಹೊಸ ನಾಳಗಳಿಗೆ ಪ್ರಚೋದನೆ ಸಿಗದಂತೆ ಮಾಡುತ್ತದೆ. ಆದರೆ ಲೇಸರ್ ಶುಗರನ್ನು ಮುಟ್ಟುವುದಿಲ್ಲ, ಬಿಪಿಯನ್ನೂ ಮುಟ್ಟುವುದಿಲ್ಲ. ಕಾಯಿಲೆ ಇನ್ನೊಂದು ಕಣ್ಣಿನಲ್ಲಿದೆ, ಮೂತ್ರಪಿಂಡದಲ್ಲಿದೆ, ಹೃದಯದ ನಾಳಗಳಲ್ಲಿದೆ. ಕಣ್ಣಿನ ಸಣ್ಣ ನಾಳ ಕೆಟ್ಟವರಿಗೆ ಹೃದಯಾಘಾತದ ಅಪಾಯವೂ ಹೆಚ್ಚು. ಹಾಗಾಗಿ ನಡಿಗೆಯ ಅಗತ್ಯ ಇವರಿಗೆ ಉಳಿದವರಿಗಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ನಡೆಯುವ ರೀತಿ ಮಾತ್ರ ಬದಲಾಗಬೇಕು. ಲೇಸರ್ ಆದ ಕಣ್ಣಿಗೆ ಮಬ್ಬುಬೆಳಕಿನಲ್ಲಿ, ಪಕ್ಕದ ನೋಟದಲ್ಲಿ ತುಸು ಕೊರತೆ ಉಳಿಯುತ್ತದೆ. ನಸುಕಿನ ಐದು ಗಂಟೆಗೆ ಹೊರಟರೆ ಫುಟ್‌ಪಾತಿನ ಕಿತ್ತ ಚಪ್ಪಡಿ ಕಾಣುವುದಿಲ್ಲ, ಪಕ್ಕದಿಂದ ನುಗ್ಗುವ ಬೈಕು ಕಾಣುವುದಿಲ್ಲ. ಬೆಳಕು ಚೆನ್ನಾಗಿ ಹರಿದ ಮೇಲೆ, ಸಮತಟ್ಟಾದ ಪರಿಚಿತ ದಾರಿಯಲ್ಲಿ, ಸಾಧ್ಯವಾದರೆ ಜೊತೆಗಾರರೊಂದಿಗೆ ನಡೆಯಬೇಕು. ಮಾತಾಡುತ್ತಾ ನಡೆಯಬಲ್ಲಷ್ಟು ವೇಗ ಸಾಕು. ಲೇಸರ್ ಅಥವಾ ಚುಚ್ಚುಮದ್ದಾದ ಮೇಲೆ ಎಷ್ಟು ದಿನ ಬಿಡಬೇಕೆಂದು ಅಂದೇ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ನಡೆಯುವಾಗ ಕಣ್ಣೆದುರು ಕಪ್ಪು ಚುಕ್ಕೆಗಳು ಒಮ್ಮೆಲೇ ಸುರಿದಂತಾದರೆ, ಮಿಂಚು ಹೊಡೆದಂತಾದರೆ, ಪರದೆ ಇಳಿಬಿಟ್ಟಂತಾದರೆ ಅಲ್ಲೇ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ಮರುದಿನಕ್ಕೆ ಕಾಯಬೇಡಿ, ಭಾನುವಾರವಾದರೂ ಸರಿ.